ಟ್ರ್ಯಾಕ್ಟರ್ ಲೋಡರ್‌ನಲ್ಲಿ ಶೆಡ್ಡಿನ ಟ್ರಸ್ ಎತ್ತಬಹುದಾ? ಮಾಡಿದವರು ಹೇಳಿ

ಚನ್ನಗಿರಿ ಕಡೆಯಿಂದ, ಕೇಳುತ್ತಿರುವವರು:

ಎಲ್ಲರಿಗೂ ನಮಸ್ಕಾರ. ತೋಟದ ಪಕ್ಕ ಅಡಿಕೆ ಸುಲಿಯೋಕೆ, ಬೇಯಿಸೋಕೆ ಅಂತ ಶೆಡ್ ಹಾಕುತ್ತಿದ್ದೇವೆ. 30 ಅಡಿ ಅಗಲ, 60 ಅಡಿ ಉದ್ದ. ಕಬ್ಬಿಣದ ಕಂಬ ನಿಂತಾಗಿದೆ, 12 ಅಡಿ ಎತ್ತರ. ಏಳು ಟ್ರಸ್ (ಚಾವಣಿ ಹೊರುವ ತ್ರಿಕೋನದ ಕಬ್ಬಿಣದ ಚೌಕಟ್ಟು) ವೆಲ್ಡಿಂಗ್ ಆಗಿ ನೆಲದ ಮೇಲೆ ಮಲಗಿವೆ, ನಡು ಎತ್ತರ 5 ಅಡಿ. ಹೈಡ್ರಾ ಕ್ರೇನ್ ತರಿಸೋಣ ಅಂದರೆ ತೋಟದ ದಾರಿಯಲ್ಲಿ ಅದು ತಿರುಗುವುದಿಲ್ಲ, ಫಸಲು ಕೊಡುವ ಮರ ಕಡಿಯಬೇಕಾಗುತ್ತೆ. ಭಾವನ ಹತ್ತಿರ 50 ಎಚ್‌ಪಿ ಟ್ರ್ಯಾಕ್ಟರ್ ಇದೆ, ಗೊಬ್ಬರ ತುಂಬೋಕೆ ಅಂತ ಮುಂದೆ ಲೋಡರ್ ಹಾಕಿಸಿದ್ದಾರೆ. ಅದರಲ್ಲೇ ಎತ್ತಿ ಕೂರಿಸಬಹುದಾ? ವೆಲ್ಡಿಂಗ್‌ನವರು ಆಗುತ್ತೆ ಬಿಡಿ ಅನ್ನುತ್ತಾರೆ, ಅಪ್ಪ ಸುತಾರಾಂ ಬೇಡ ಅನ್ನುತ್ತಾರೆ. ಮಳೆ ಹಿಡಿಯುವುದರೊಳಗೆ ಮುಗಿಯಬೇಕು.

ಜಗಳೂರಿನಿಂದ:

ಆಗುತ್ತೆ ಅಣ್ಣ. ನಮ್ಮ ಮೆಕ್ಕೆಜೋಳದ ಗೋಡೌನಿಗೆ ಹಾಗೇ ಎತ್ತಿದ್ದು. ಆದರೆ ನಮ್ಮದು 20 ಅಡಿ ಅಗಲ, ಕಂಬ 9 ಅಡಿ. ನಿಮ್ಮದು 12 ಅಡಿ ಕಂಬದ ಮೇಲೆ 5 ಅಡಿ ಟ್ರಸ್, ಅಂದರೆ ತುದಿ 17 ಅಡಿಗೆ ಹೋಗಿ ನಿಲ್ಲುತ್ತೆ. ಅಲ್ಲಿಗೆ ಲೋಡರ್ ಮುಟ್ಟುತ್ತಾ ನೋಡಿಕೊಳ್ಳಿ. ಇನ್ನೊಂದು, ಬಕೆಟ್ ಹಲ್ಲಿಗೆ ಚೈನ್ ಸುತ್ತಿ ಮಾತ್ರ ಎತ್ತಬೇಡಿ. ಬಕೆಟ್ ಚೂರು ಮುಂದಕ್ಕೆ ಬಾಗಿದರೆ ಚೈನ್ ಜಾರಿಕೊಂಡು ಬರುತ್ತೆ.

ಹೊಳಲ್ಕೆರೆಯಿಂದ:

ಮೊದಲು ತೂಕದ ಲೆಕ್ಕ ಹಾಕಿಬಿಡೋಣ, ಯಾಕಂದರೆ ಎಲ್ಲರೂ ಅದನ್ನೇ ಕೇಳುತ್ತಾರೆ. 50-50-6 ಮಿ.ಮೀ. ಆಂಗಲ್ (ಎಲ್ ಆಕಾರದ ಕಬ್ಬಿಣ) ಮೀಟರಿಗೆ ನಾಲ್ಕೂವರೆ ಕೆಜಿ, 40-40-6 ಮೂರೂವರೆ ಕೆಜಿ. 30 ಅಡಿ ಟ್ರಸ್ಸಿಗೆ ಮೇಲಿನ ಎರಡು ಇಳಿಜಾರು, ಕೆಳಗಿನ ಉದ್ದದ ಆಂಗಲ್ ಎಲ್ಲಾ ಸೇರಿ ಸುಮಾರು 19 ಮೀಟರ್. ಒಳಗಿನ ಓರೆ ತುಂಡುಗಳು ಒಂದು 10 ಮೀಟರ್. ಕೂಡಿಸಿದರೆ 120 ಕೆಜಿ, ಪ್ಲೇಟು ಗೀಟು ಸೇರಿ 130-140 ಅಂತ ಇಟ್ಟುಕೊಳ್ಳಿ. ಜೋಡಿ ಆಂಗಲ್ ಹಾಕಿಸಿದ್ದರೆ ಇನ್ನೊಂದು 85 ಕೂಡಿಸಿ. ಒಂದು ಬಕೆಟ್ ಹಸಿ ಗೊಬ್ಬರ ಇದಕ್ಕಿಂತ ಜಾಸ್ತಿ ತೂಗುತ್ತೆ. ಹಾಗಾಗಿ ತೂಕಕ್ಕೆ ಹೆದರಬೇಡಿ. ಎತ್ತರಕ್ಕೆ ಹೆದರಿ.

ಲೋಡರ್ ಪೂರ್ತಿ ಎತ್ತಿದಾಗ ಬಕೆಟ್ ಪಿನ್ ಇರುವ ಜಾಗ ನೆಲದಿಂದ ಸಾಮಾನ್ಯವಾಗಿ 10-12 ಅಡಿ ಇರುತ್ತೆ, ಅಷ್ಟೇ. ಭಾವನ ಗಾಡಿಯದು ಟೇಪ್ ಹಿಡಿದು ಅಳೆಯಿರಿ, ಅಂದಾಜು ಬೇಡ. ಈಗ ನೋಡಿ: ಟ್ರಸ್ಸಿನ ಬುಡ ಕಂಬದ ತಲೆಗಿಂತ ಸ್ವಲ್ಪ ಮೇಲೆ ಹೋಗಿ ಆಮೇಲೆ ಕೂರಬೇಕು, ಅಂದರೆ ಹನ್ನೆರಡೂಕಾಲು ಅಡಿ ಆದರೂ ಬೇಕು. ನಡು ತುದಿ ಹದಿನೇಳೂಕಾಲಕ್ಕೆ ಬಂತು. ಬೆಲ್ಟ್ ಕಟ್ಟಿದ ಮೇಲೆ ಕೊಕ್ಕೆ ಅದಕ್ಕಿಂತ ಮೇಲಿರಬೇಕು, ಅಲ್ಲಿಗೆ 18 ಅಡಿ. ಪಿನ್ನಿನಿಂದ ಲೆಕ್ಕ ಹಾಕಿದರೆ ಸುಮಾರು ಏಳು ಅಡಿ ಕಮ್ಮಿ ಬೀಳುತ್ತೆ. ಅದಕ್ಕೇ ಬಕೆಟ್ ಬಿಚ್ಚಿಟ್ಟು ಅದೇ ಪಿನ್ನಿಗೆ ಒಂದು ಪೈಪಿನ ತೋಳು ಮಾಡಿಸಿ ಹಾಕುತ್ತಾರೆ, ಎಂಟು ಒಂಬತ್ತು ಅಡಿ ಉದ್ದದ್ದು, ತುದಿಗೆ ವೆಲ್ಡಿಂಗ್ ಮಾಡಿದ ಕಣ್ಣು, ಕಣ್ಣಿಗೆ ಡಿ ಶಾಕಲ್ (ಪಿನ್ ಹಾಕಿ ಮುಚ್ಚುವ ಡಿ ಆಕಾರದ ಕಬ್ಬಿಣದ ಕೊಂಡಿ). ಬಕೆಟ್ ತೂಕವೂ ಉಳಿಯುತ್ತೆ.

ತೋಳು ಹಾಕಿದ ಮೇಲೆ ಆಟ ಬೇರೆ. ಅದು ಮೇಲಕ್ಕೆ ನಿಂತಿದ್ದಷ್ಟೂ ಒಳ್ಳೆಯದು, ಮುಂದಕ್ಕೆ ಮಲಗಿದಷ್ಟೂ ಬಕೆಟ್ ತಿರುಗಿಸುವ ಚಿಕ್ಕ ಸಿಲಿಂಡರ್ ಮೇಲೆ ಭಾರ ಬೀಳುತ್ತೆ. ದೊಡ್ಡ ಸಿಲಿಂಡರ್ ಎತ್ತುತ್ತೆ ಅಂತ ನಂಬಿ ಹೋದರೆ ಚಿಕ್ಕದು ಸೋತು ತೋಳು ತಲೆ ಬಗ್ಗಿಸುತ್ತೆ. ಇದಕ್ಕೆ ಉಲ್ಟಾ ಇನ್ನೊಂದಿದೆ. ತಾನಾಗಿ ಮಟ್ಟ ಕಾಯ್ದುಕೊಳ್ಳುವ ಲೋಡರ್ ಅಲ್ಲದಿದ್ದರೆ, ಎತ್ತುತ್ತಾ ಹೋದ ಹಾಗೆ ತೋಳು ಡ್ರೈವರ್ ಕಡೆಗೆ ವಾಲುತ್ತಾ ಬರುತ್ತೆ. ಎತ್ತುವ ಲಿವರ್ ಜೊತೆಗೆ ಬಗ್ಗಿಸುವ ಲಿವರನ್ನೂ ಚೂರು ಚೂರೇ ಆಡಿಸಬೇಕು. ಟ್ರಸ್ ಇಲ್ಲದೆ ಬರೀ ತೋಳನ್ನು ಏರಿಸಿ ಇಳಿಸಿ ಕೈ ಕೂರಿಸಿಕೊಳ್ಳಲಿ ನಿಮ್ಮ ಭಾವ. ಓಡಿಸುವವರು ಭಾವನೇ ಆಗಲಿ, ಆ ಗಾಡಿಯ ಮೇಲೆ ದಿನಾ ಕೂರುವವರು.

ಹಿಂದೆ ತೂಕ ಬೇಕೇ ಬೇಕು. ಹಿಂದಿನ ಟೈರಿಗೆ ನೀರು ತುಂಬಿಸಿದ್ದೀರಾ ನೋಡಿ, ಎಷ್ಟೋ ಗಾಡಿಗಳಲ್ಲಿ ತುಂಬಿಸಿರುತ್ತಾರೆ. ಅದರ ಮೇಲೆ ರೋಟವೇಟರ್ ಸಿಕ್ಕಿಸಿ ನೆಲದಿಂದ ಒಂದು ಗೇಣು ಮೇಲೆ ಇಟ್ಟುಕೊಳ್ಳಿ. ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ನಿನ ಮೇಲೆ ಆಡುತ್ತೆ, ಗೊತ್ತಲ್ವಾ? ಮೇಲೆ 18 ಅಡಿಯಲ್ಲಿ ಭಾರ ತೂಗುವಾಗ ಒಂದು ಗಾಲಿ ಗುಂಡಿಗೆ ಇಳಿದರೆ ಪಕ್ಕಕ್ಕೆ ವಾಲುವುದನ್ನು ಆ ಆಕ್ಸಲ್ ತಡೆಯುವುದಿಲ್ಲ. ಶೆಡ್ಡಿನ ಒಳಗಿನ ನೆಲ ಮೊದಲು ಸಮ ಮಾಡಿ, ರೋಲರ್ ಹೊಡೆಸಿ. ಎರೆ ನೆಲ ಆದರೆ ಮಳೆ ಬಿದ್ದ ಮಾರನೇ ದಿನ ಇಳಿಯಲೇಬೇಡಿ.

ಕಟ್ಟುವುದು ಹೇಗೆ ಅಂದರೆ, ನಡುವಿನಿಂದ ಎರಡೂ ಕಡೆ ನಾಲ್ಕೈದು ಅಡಿ ಬಿಟ್ಟು, ಓರೆ ತುಂಡು ಮೇಲಿನ ಆಂಗಲ್‌ಗೆ ಸೇರುವ ಗಂಟಿನಲ್ಲೇ ಬೆಲ್ಟ್ ಹಾಕಿ. ಗಂಟು ಬಿಟ್ಟು ಬರೀ ಆಂಗಲ್‌ಗೆ ಹಾಕಿದರೆ ಬಾಗುತ್ತೆ. ಕೆಳಗಿನ ಆಂಗಲ್‌ಗೆ ಕಟ್ಟಿದರೆ ಮೇಲೆ ಹೋದ ತಕ್ಷಣ ತಲೆಕೆಳಗಾಗುತ್ತೆ. ಆಂಗಲ್ ಅಂಚು ಬೆಲ್ಟ್ ಕೊಯ್ಯುತ್ತೆ, ಮಧ್ಯೆ ಗೋಣಿಚೀಲ ಮಡಿಸಿ ಇಡಿ. ಬೆಲ್ಟ್ ಚಪ್ಪಟೆಯಾದಷ್ಟೂ ಎಳೆತ ಏರುತ್ತೆ: ನೆಲದ ಮಟ್ಟಕ್ಕೆ 60 ಡಿಗ್ರಿ ಇದ್ದರೆ ಒಂದೊಂದು ಎಳೆಗೆ ಟ್ರಸ್ ತೂಕದ 58 ಪರ್ಸೆಂಟ್, 30 ಡಿಗ್ರಿಗೆ ಇಳಿದರೆ ಒಂದೊಂದಕ್ಕೂ ಪೂರ್ತಿ ತೂಕ. ನಿಮಗೆ ಮೇಲೆ ಜಾಗ ಕಮ್ಮಿ, ಹೆಚ್ಚುಕಮ್ಮಿ 30 ಡಿಗ್ರಿಯೇ ಬರುತ್ತೆ. ಆ ಲೆಕ್ಕದ ಬೆಲ್ಟ್ ತನ್ನಿ. ಹಳೇ ತೇರಿನ ಹಗ್ಗ, ಬಾವಿ ಹಗ್ಗ ಎಲ್ಲಾ ಬೇಡ.

ಇಷ್ಟು ಉದ್ದದ ಟ್ರಸ್ ಅಡ್ಡಡ್ಡ ಬಳುಕುತ್ತೆ. ಕೆಳಗಿನ ಆಂಗಲ್ ಉದ್ದಕ್ಕೂ ಒಂದು ಗಟ್ಟಿ ಬಿದಿರು ಗಳ ಬಿಗಿದು ಕಟ್ಟಿ. ಎರಡೂ ತುದಿಗೆ ಉದ್ದದ ಹಗ್ಗ, ಹಿಡಿಯೋಕೆ ಒಬ್ಬೊಬ್ಬರು. ಅವರು ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು.

ಚಿತ್ರದುರ್ಗದಿಂದ:

ಎತ್ತುವ ವಿಷಯ ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ಎತ್ತಿದ ಮೇಲಿನದು ಹೇಳುತ್ತೇನೆ. ನಮ್ಮೂರ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ಸ್ವಾಮಿ. ಭರಣಿ, ಕೃತ್ತಿಕೆ ಮಳೆ ಸಂಜೆ ಬರುತ್ತೆ, ಬರುವ ಮುಂಚೆ ಗಾಳಿ ಕಳಿಸುತ್ತೆ. ಎತ್ತುವ ಕೆಲಸ ಬೆಳಿಗ್ಗೆ ಆರಕ್ಕೆ ಶುರು ಮಾಡಿ ಊಟದ ಹೊತ್ತಿಗೆ ನಿಲ್ಲಿಸಿ.

ನಮ್ಮ ಪಕ್ಕದ ಹೊಲದಲ್ಲಿ ಕುರಿ ಶೆಡ್ಡಿಗೆ ನಾಲ್ಕು ಟ್ರಸ್ ನಿಲ್ಲಿಸಿ, ಪರ್ಲಿನ್ (ಟ್ರಸ್ಸಿನಿಂದ ಟ್ರಸ್ಸಿಗೆ ಅಡ್ಡ ಹಾಕುವ, ಶೀಟ್ ಕೂರುವ ಕಬ್ಬಿಣ) ನಾಳೆ ಹಾಕೋಣ ಅಂತ ಬಿಟ್ಟು ಹೋದರು. ರಾತ್ರಿ ಗಾಳಿ ಬಂತು. ಮೊದಲನೆಯದು ಎರಡನೆಯದಕ್ಕೆ ಒರಗಿತು, ಅದು ಮೂರನೆಯದಕ್ಕೆ. ಬೆಳಿಗ್ಗೆ ನಾಲ್ಕೂ ಒಂದೇ ದಿಕ್ಕಿಗೆ ಮಲಗಿದ್ದವು. ಆಳು ಯಾರೂ ಕೆಳಗಿರಲಿಲ್ಲ, ಪುಣ್ಯ. ಅಲ್ಲಿ ಎತ್ತಿದ್ದು ದೊಡ್ಡ ಕ್ರೇನಿನಲ್ಲಿ, ಲೋಡರ್ ಅಲ್ಲ. ಅಂದರೆ ಯಾವುದರಲ್ಲಿ ಎತ್ತಿದಿರಿ ಅನ್ನುವುದಕ್ಕಿಂತ ಎತ್ತಿದ ಮೇಲೆ ಹೇಗೆ ಹಿಡಿದಿಟ್ಟಿರಿ ಅನ್ನುವುದೇ ದೊಡ್ಡದು.

ಮೊದಲ ಟ್ರಸ್ ಬೋಲ್ಟ್ ಬಿಗಿದು, ಮುಂದಕ್ಕೆ ಎರಡು ಹಿಂದಕ್ಕೆ ಎರಡು ಹಗ್ಗ ಎಳೆದು ಗೂಟಕ್ಕೆ ಕಟ್ಟಿ, ತೂಗುಗುಂಡು ಬಿಟ್ಟು ನೆಟ್ಟಗಿದೆಯಾ ನೋಡಿ, ಆಮೇಲೆ ಕೊಕ್ಕೆ ಬಿಚ್ಚಿ. ಎರಡನೆಯದು ಕೂತ ತಕ್ಷಣ ತುದಿಯಲ್ಲಿ ಒಂದು, ಸೂರಿನ ಎರಡೂ ಕಡೆ ಒಂದೊಂದು ಪರ್ಲಿನ್ ಹಾಕಿ, ಆ ಎರಡು ಟ್ರಸ್ ನಡುವೆ ಕತ್ತರಿ ಪಟ್ಟಿನಂತೆ ಓರೆ ಆಂಗಲ್ ಬಿಗಿಯಿರಿ. ಆ ಜೋಡಿ ಗಟ್ಟಿ ನಿಂತರೆ ಮಿಕ್ಕ ಐದೂ ಅದನ್ನು ಹಿಡಿದುಕೊಂಡು ನಿಲ್ಲುತ್ತವೆ. ಸಂಜೆ ಮನೆಗೆ ಹೋಗುವಾಗ ಒಂಟಿ ಟ್ರಸ್ ಒಂದೂ ಮೇಲಿರಬಾರದು.

ಹರಿಹರದಿಂದ, ಫ್ಯಾಬ್ರಿಕೇಷನ್ ಕೆಲಸದವರು:

ಎರಡು ಮಾತು. ಟ್ರಸ್ ಲೋಡರಿನಲ್ಲಿ ನೇತಾಡುತ್ತಿರುವಾಗ ವೆಲ್ಡಿಂಗ್ ಕಡ್ಡಿ ಮುಟ್ಟಿಸಬೇಡಿ. ಅರ್ತ್ ಕ್ಲ್ಯಾಂಪ್ ಎಲ್ಲೋ ದೂರ ಹಾಕಿದ್ದರೆ ಕರೆಂಟು ಚೈನು, ಲೋಡರ್, ಬೇರಿಂಗ್ ಮೂಲಕ ದಾರಿ ಹುಡುಕಿಕೊಳ್ಳುತ್ತೆ. ಈಗಿನ ಗಾಡಿಗಳಲ್ಲಿ ಎಲೆಕ್ಟ್ರಾನಿಕ್ಸ್ ಬೇರೆ ಇದೆ. ಮೊದಲು ಬೋಲ್ಟ್, ಕೊಕ್ಕೆ ಬಿಚ್ಚಿ ಟ್ರ್ಯಾಕ್ಟರ್ ಹಿಂದೆ ಸರಿದ ಮೇಲೆ ವೆಲ್ಡಿಂಗ್.

ಇನ್ನೊಂದು, ಟ್ರ್ಯಾಕ್ಟರ್ ಲೋಡರಿನಲ್ಲಿ ಹೋಸ್ ಒಡೆದರೆ ತಡೆಯುವ ವಾಲ್ವ್ ಬಹುತೇಕ ಇರುವುದಿಲ್ಲ. ಹೋಸ್ ಹೋದರೆ ಇಡೀ ತೋಳು ಕೆಳಗೆ. ಹೋಸ್ ಮೇಲೆ ಬಿರುಕು, ಎಣ್ಣೆ ಜಿನುಗು ಕಂಡರೆ ಬದಲಾಯಿಸಿಯೇ ಶುರು ಮಾಡಿ. ಟ್ರಸ್ ಕೆಳಗೆ ಯಾರೂ ನಿಲ್ಲಬಾರದು. ಬೋಲ್ಟ್ ಹಾಕೋಕೆ ಹುಡುಗನನ್ನು ಬಕೆಟ್‌ನಲ್ಲಿ ಕೂರಿಸಿ ಎತ್ತುವುದು ನಮ್ಮ ಕಡೆ ಎಲ್ಲರೂ ಮಾಡುತ್ತಾರೆ, ಎಲ್ಲರೂ ಮಾಡುತ್ತಾರೆ ಅಂತ ನೀವು ಮಾಡಬೇಡಿ. ಕಂಬದ ಪಕ್ಕ ಸಾರುವೆ ಕಟ್ಟಿ, ಅವನು ಅಲ್ಲಿ ನಿಲ್ಲಲಿ.

ಎತ್ತುವ ಮುಂಚೆ ಎದುರುಬದುರು ಕಂಬದ ತಲೆಯಿಂದ ತಲೆಗೆ ಟೇಪ್ ಹಿಡಿದು ಏಳೂ ಜೋಡಿ ಅಳೆಯಿರಿ. ಅರ್ಧ ಇಂಚು ಅತ್ತಿತ್ತ ಇದ್ದೇ ಇರುತ್ತೆ. ಟ್ರಸ್ ಪ್ಲೇಟಿನ ತೂತನ್ನು ಉದ್ದಕ್ಕೆ ಕೊರೆಸಿಡಿ. ಮೇಲೆ ಹೋದ ಮೇಲೆ ಹಾರೆ ಹಾಕಿ ಮೀಟುವ ಕೆಲಸ ಇರಬಾರದು.

ಹೊನ್ನಾಳಿಯಿಂದ:

ನಾನು ಸ್ವಲ್ಪ ಅಪ್ಪನ ಪಕ್ಷ. 140 ಕೆಜಿಗೆ ಟ್ರ್ಯಾಕ್ಟರ್ ಯಾಕೆ? ಎರಡೂ ತುದಿಯ ಕಂಬದ ಪಕ್ಕ ಸಾರುವೆ, ನಡುವೆ 20 ಅಡಿಯ ದಪ್ಪ ಪೈಪ್ ನಿಲ್ಲಿಸಿ ನಾಲ್ಕು ಕಡೆ ಹಗ್ಗ ಎಳೆದು ಕಟ್ಟಿ, ಅದಕ್ಕೊಂದು ಚೈನ್ ಬ್ಲಾಕ್ (ಕೈಯಲ್ಲಿ ಚೈನ್ ಎಳೆದು ಭಾರ ಎತ್ತುವ ರಾಟೆ). ನಿಧಾನ, ಒಂದೊಂದು ಟ್ರಸ್ಸಿಗೆ ಪೈಪ್ ಕಿತ್ತು ಜಾಗ ಬದಲಿಸಬೇಕು, ಬೈಯ್ದುಕೊಳ್ಳುತ್ತೀರಿ. ಆದರೆ ಚೈನ್ ಬ್ಲಾಕ್ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತೆ, ಸಿಲಿಂಡರ್ ಹಾಗೆ ಇಳಿಯುವುದಿಲ್ಲ. ಹತ್ತಿರದಲ್ಲಿ ಯಾರಾದರೂ ಜೆಸಿಬಿ ಇಟ್ಟಿದ್ದರೆ ಅದೂ ಪರವಾಗಿಲ್ಲ, ಗಾಡಿಯೇ ಏಳೆಂಟು ಟನ್ ಇರುತ್ತೆ, ಟ್ರ್ಯಾಕ್ಟರ್ ಹಾಗೆ ಅಲುಗಾಡುವುದಿಲ್ಲ. ದಾರಿ ಸಾಕಾಗುತ್ತಾ ನೋಡಿ.

ಚನ್ನಗಿರಿ, ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ, ಹೊನ್ನಾಳಿಯವರ ಮಾತು ಮಾತ್ರ ಎರಡು ಸಲ ಓದಿಸಿಕೊಂಡರು. ಜೆಸಿಬಿ ನಮ್ಮ ದಾರಿಗೆ ಹಿಡಿಸುವುದಿಲ್ಲ. ಲೋಡರ್ ಪಿನ್ ಅಳೆದೆವು, ಹನ್ನೊಂದು ಅಡಿ ಚಿಲ್ಲರೆ ಇದೆ. ಎರಡು ಅನುಮಾನ. ಕಂಬಗಳ ನಡುವೆ 30 ಅಡಿ ಟ್ರಸ್ ಹಿಡಿದುಕೊಂಡು ಒಳಗೆ ಹೋಗುವುದು ಹೇಗೆ? ಶೆಡ್ಡಿನ ಪಡುವಣ ಕಡೆ ಒಂದು 11 ಕೆವಿ ಲೈನ್ ಹೋಗಿದೆ, ಕಂಬದಿಂದ ಸುಮಾರು 20 ಅಡಿ ದೂರ. ತೊಂದರೆ ಇದೆಯಾ?

ಹೊಳಲ್ಕೆರೆಯಿಂದ:

ಲೈನ್ ವಿಷಯ ಮೊದಲೇ ಹೇಳಬಾರದಿತ್ತಾ! ಕಟ್ಟಡ ಇರುವುದಕ್ಕೆ 11 ಕೆವಿ ಲೈನಿನಿಂದ ಅಡ್ಡಕ್ಕೆ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಬಿಟ್ಟರೆ ನಿಯಮಕ್ಕೆ ಸರಿ. ಆದರೆ ಅದು ನಿಂತ ಕಟ್ಟಡದ ಲೆಕ್ಕ, ಆಡುವ ಟ್ರಸ್ಸಿಗೆ ಅಲ್ಲ. 30 ಅಡಿ ಕಬ್ಬಿಣ ಗಾಳಿಗೆ ತಿರುಗಿದರೆ ಒಂದು ತುದಿ ಶೆಡ್ಡಿನಿಂದ ಎಷ್ಟೋ ಆಚೆ ಹೋಗುತ್ತೆ, ಹಗ್ಗ ಹಿಡಿದವನ ಕೈಯಲ್ಲಿ ಹಗ್ಗ ಒದ್ದೆ ಇದ್ದರೆ ಕೇಳುವುದೇ ಬೇಡ. ಬೆಸ್ಕಾಂ ಸೆಕ್ಷನ್ ಆಫೀಸಿಗೆ ಹೋಗಿ ಲೈನ್‌ಮನ್‌ಗೆ ಹೇಳಿ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಬಂದ್ ಮಾಡಿಸುವ ಅನುಮತಿ) ತಗೊಂಡು, ಲೈನ್ ಆಫ್ ಆಗಿದೆ ಅಂತ ಅವರೇ ಹೇಳಿದ ಮೇಲೆ ಎತ್ತಿ. ಪವರ್ ಕಟ್ ಇದೆ ಅಲ್ವಾ ಅಂತ ನಂಬಿ ಎತ್ತಬೇಡಿ, ಯಾವಾಗ ಬರುತ್ತೆ ಯಾರಿಗೆ ಗೊತ್ತು.

ಒಳಗೆ ಹೋಗುವುದು ಸುಲಭ. ಟ್ರಸ್ ನೆಲದಿಂದ ಮೊಣಕಾಲೆತ್ತರ ಮಾತ್ರ ಎತ್ತಿ, ಹಗ್ಗದವರು ಓರೆ ಮಾಡಿ ಹಿಡಿಯಲಿ, ಟ್ರ್ಯಾಕ್ಟರ್ ಲೋ ಗೇರಿನಲ್ಲಿ ಒಳಗೆ ಹೋಗಲಿ. ಜಾಗಕ್ಕೆ ಬಂದು ನಿಂತ ಮೇಲೆ ಎತ್ತಿ, ಕಂಬದ ತಲೆ ದಾಟಿದ ಮೇಲೆ ಹಗ್ಗ ಎಳೆದು ನೇರ ಮಾಡಿ, ಇಳಿಸಿ. ಎತ್ತಿಕೊಂಡು ಓಡಾಡುವುದು ಬೇಡ. ಆ ಕಡೆ ಕೊನೆಯಿಂದ ಶುರು ಮಾಡಿ, ಹಿಂದೆ ಹಿಂದೆ ಬನ್ನಿ, ಏಳನೆಯದನ್ನು ಹೊರಗೆ ನಿಂತು ಕೂರಿಸಿ. ಕೈಸನ್ನೆ ಮಾಡುವವರು ಒಬ್ಬರೇ ಇರಲಿ. ಊರವರೆಲ್ಲಾ ಬಂದು ಎತ್ತು, ಇಳಿಸು ಅಂತ ಕೂಗೋಕೆ ಶುರು ಮಾಡಿದರೆ ಭಾವ ಯಾರ ಮಾತು ಕೇಳಬೇಕು?

ಚಳ್ಳಕೆರೆಯಿಂದ:

ಶೀಟ್ ಹಾಕುವುದರ ಬಗ್ಗೆ ಯಾರೂ ಹೇಳಲಿಲ್ಲ. ಮಳೆಗಾಲದ ಗಾಳಿ ನಮ್ಮ ಕಡೆ ಪಡುವಣದಿಂದಲೇ ಜಾಸ್ತಿ, ಅದಕ್ಕೆ ಶೀಟನ್ನು ಮೂಡಣ ತುದಿಯಿಂದ ಹಾಕಿಕೊಂಡು ಬನ್ನಿ. ಒಂದರ ಮೇಲೊಂದು ಬರುವ ಅಂಚು ಗಾಳಿಗೆ ಬೆನ್ನು ಹಾಕಿರುತ್ತೆ, ಗಾಳಿ ಒಳಗೆ ನುಗ್ಗಿ ಎಬ್ಬಿಸುವುದಿಲ್ಲ. ಲೋಡರಿಗೆ ಬಕೆಟ್ ವಾಪಸ್ ಹಾಕಿ ಅದರಲ್ಲಿ ನಾಲ್ಕೈದು ಶೀಟ್ ಹಗ್ಗದಲ್ಲಿ ಬಿಗಿದು ಸೂರಿನ ಮಟ್ಟಕ್ಕೆ ಕೊಡಬಹುದು, ಮೇಲಿನವರು ಒಂದೊಂದೇ ಎಳೆದುಕೊಳ್ಳಲಿ. ಮೇಲಿಟ್ಟ ಶೀಟಿಗೆ ಅವತ್ತೇ ಸ್ಕ್ರೂ ಹಾಕಿ. ಉಳಿದಿದ್ದನ್ನು ಕೆಳಗಿಳಿಸಿ ಮೇಲೆ ಕಲ್ಲು ಹೇರಿ ಮನೆಗೆ ಹೋಗಿ.