ಸಹಾಯ ಬೇಕು: ಮುಂದೆ ಮಾರಾಟ, ಹಿಂದೆ ತಯಾರಿ. ಝೋನಿಂಗ್‌ನಲ್ಲಿ (ಯಾವ ಜಾಗದಲ್ಲಿ ಯಾವ ಬಳಕೆಗೆ ಅವಕಾಶ ಅನ್ನೋ ನಿಯಮದಲ್ಲಿ) ಇದು ಅಂಗಡಿನಾ?

ಮಳಿಗೆ ಒಟ್ಟು 1,000 ಚದರಡಿ. ಮುಂದಿನ 400ರಲ್ಲಿ ಕುರ್ಚಿ-ಮೇಜು ಮಾರಾಟ, ಹಿಂದಿನ 600ರಲ್ಲಿ ಅವನ್ನೇ ಮಾಡೋದು: ಒಂದು ಗರಗಸದ ಮೆಷಿನ್, ಪಾಲಿಶ್ ಹಚ್ಚೋಕೆ ಒಂದು ಮೂಲೆ. ‘ಚಿಲ್ಲರೆ ಅಂಗಡಿ’ ಅಂತ ಹಾಕಿದ ಅರ್ಜಿ ‘ತಯಾರಿಕಾ ಘಟಕ’ ಅನ್ನೋ ಷರಾ ಹೊತ್ತು ವಾಪಸ್ ಬಂದಿದೆ.

ಬಳಕೆದಾರರಿಗೆ ನೇರವಾಗಿ ಮಾರಿದರೆ ಚಿಲ್ಲರೆ, ಅದಕ್ಕೆ ಪೂರಕವಾದ ಕೆಲಸಕ್ಕೂ ಅವಕಾಶ ಅಂತ ನಿಯಮದಲ್ಲೇ ಇದೆ. ಸಗಟು ವ್ಯಾಪಾರ ಇಲ್ಲ ಅಂತ ತೋರಿಸೋಕೆ ಬಿಲ್ಲುಗಳನ್ನೂ ಲಗತ್ತಿಸಿದ್ದಾಯ್ತು. ನಕ್ಷೆ ತಿದ್ದಿ ತಯಾರಿ ಜಾಗವನ್ನ 450ಕ್ಕೆ ಇಳಿಸಿದರೂ ಅದೇ ಷರಾ.

ತಿಳೀದೇ ಇರೋದು ಇಷ್ಟೇ: ‘ಪೂರಕ’ ಅನ್ನೋದನ್ನ ಚದರಡಿ ಲೆಕ್ಕದಲ್ಲಿ ನೋಡ್ತಾರಾ, ಇಲ್ಲ ಶಬ್ದ, ಧೂಳು, ಮೋಟಾರ್ ಸಾಮರ್ಥ್ಯ ನೋಡ್ತಾರಾ? ಗರಗಸ, ಪಾಲಿಶ್ ಎರಡನ್ನೂ ಬೇರೆ ಕಡೆ ಸಾಗಿಸಿ ಇಲ್ಲಿ ಜೋಡಣೆ ಮಾತ್ರ ಇಟ್ಟರೆ ಚಿಲ್ಲರೆ ವರ್ಗ ಸಿಗುತ್ತಾ, ಅಥವಾ ಷರತ್ತುಬದ್ಧ ಅನುಮತಿಗೇ ಅರ್ಜಿ ಹಾಕಬೇಕಾ?