ಪದಚರ್ಚೆ: ಕಾರಿನ ಎಸಿಯ ಗ್ಯಾಸ್ ‘ಖಾಲಿ’ ಆಗುವುದಾ, ‘ಇಳಿಯುವುದಾ’?

ಎಲ್ಲರಿಗೂ ನಮಸ್ಕಾರ.

ಮಂಗಳೂರಿನ ಟ್ಯಾಕ್ಸಿ ಚಾಲಕರಿಗಾಗಿ ಕನ್ನಡದಲ್ಲಿ ಒಂದು ಪುಟದ ಮಾಹಿತಿ ಬರೆಯುತ್ತಿದ್ದೇನೆ. ಎಸಿ ಹಾಕಿದರೂ ತಂಪು ಬರದಿದ್ದರೆ ಮೊದಲು ಏನು ನೋಡಬೇಕು, ಗ್ಯಾರೇಜಿನಲ್ಲಿ ಏನು ಹೇಳಬೇಕು ಅನ್ನುವುದು ವಿಷಯ. ಏಪ್ರಿಲ್ ಸೆಕೆಯಲ್ಲಿ ಏರ್‌ಪೋರ್ಟಿನಿಂದ ಉಡುಪಿಗೆ ಬಾಡಿಗೆ ಹೋಗುವವರಿಗೆ ಎಸಿ ಕೆಟ್ಟರೆ ಆ ದಿನದ ದುಡಿಮೆಯೇ ಕೆಟ್ಟ ಹಾಗೆ. ಅದಕ್ಕೇ ಮಾತು ತಪ್ಪು ದಾರಿ ಹಿಡಿಸಬಾರದು ಅಂತ ನನ್ನ ಆಸೆ. ಕೆಲವು ಮಾತುಗಳಲ್ಲಿ ನಿಮ್ಮ ಸಹಾಯ ಬೇಕು.

ಮುಖ್ಯವಾದದ್ದು ‘ಖಾಲಿ’. ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವುದು ಒಂದೇ ಮಾತು: ‘ಗ್ಯಾಸ್ ಖಾಲಿ ಆಗಿದೆ, ತುಂಬಿಸಬೇಕು.’ ಅಡುಗೆ ಗ್ಯಾಸ್ ಖಾಲಿ ಆಗುತ್ತದೆ, ಸರಿ. ಪೆಟ್ರೋಲ್ ಖಾಲಿ ಆಗುತ್ತದೆ, ಅದೂ ಸರಿ. ಎರಡೂ ಉರಿದು ಮುಗಿಯುವಂಥವು. ಎಸಿಯ ಗ್ಯಾಸ್ ಹಾಗಲ್ಲ. ಅದು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಂಪ್ರೆಸರ್ ಅದನ್ನು ಒತ್ತುತ್ತದೆ. ಮುಂದೆ ರೇಡಿಯೇಟರಿನ ಎದುರಿಗಿರುವ ಕಂಡೆನ್ಸರಿನಲ್ಲಿ ಅದು ಬಿಸಿ ಬಿಟ್ಟು ದ್ರವವಾಗುತ್ತದೆ. ಸಣ್ಣ ವಾಲ್ವಿನಿಂದ ನುಗ್ಗಿ, ಡ್ಯಾಶ್‌ಬೋರ್ಡಿನ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಕುದಿದು ಮತ್ತೆ ಗ್ಯಾಸ್ ಆಗುವಾಗ ಕಾರಿನೊಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ತುಂಬಾ ಕಾರುಗಳಲ್ಲಿರುವ ಆರ್-134ಎ ಅನ್ನುವ ಗ್ಯಾಸ್ ಸಾಮಾನ್ಯ ಒತ್ತಡದಲ್ಲಿ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಇಷ್ಟೆಲ್ಲಾ ಕೆಲಸದಲ್ಲಿ ಅದು ಖರ್ಚಾಗುವುದೇ ಇಲ್ಲ.

ರಬ್ಬರ್ ಹೋಸ್, ಸೀಲುಗಳಿಂದ ವರ್ಷಗಟ್ಟಲೆ ಚೂರು ಚೂರು ಹೊರಗೆ ಹೋಗುವುದು ಇದ್ದದ್ದೇ. ಆದರೆ ಹೋದ ಬೇಸಿಗೆಯಲ್ಲಿ ತುಂಬಿಸಿದ್ದು ಈ ಬೇಸಿಗೆಗೆ ಇಲ್ಲ ಅಂದರೆ ಎಲ್ಲೋ ಲೀಕ್ ಇದೆ. ‘ಖಾಲಿ’ ಅಂದಾಗ ಇದು ವರ್ಷ ವರ್ಷದ ಖರ್ಚು ಅಂತ ಜನ ಒಪ್ಪಿಕೊಂಡುಬಿಡುತ್ತಾರೆ. ಲೀಕ್ ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ಹೊರಗೆ ಹೋದ ಆ ಗ್ಯಾಸ್ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಜಾಸ್ತಿ. ದುಡ್ಡೂ ಹೋಯಿತು, ಗಾಳಿಯೂ ಕೆಟ್ಟಿತು.

‘ಸೋರಿದೆ’ ಅನ್ನಬಹುದು. ಪೇಪರಿನವರು ‘ಅನಿಲ ಸೋರಿಕೆ’ ಬರೆಯುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ‘ಇಳಿದಿದೆ’. ಟಯರಿನ ಗಾಳಿ ಇಳಿದಿದೆ ಅಂದರೆ ಯಾರೂ ಸುಮ್ನೆ ಗಾಳಿ ಹೊಡೆಸಿಕೊಂಡು ಹೋಗುವುದಿಲ್ಲ, ಪಂಕ್ಚರ್ ನೋಡಿಸುತ್ತಾರೆ ಅಲ್ವಾ? ಎಸಿಗೂ ಅದೇ ಯೋಚನೆ ಬರಲಿ ಅಂತ. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಸುತ್ತುವುದರಿಂದ ಲೀಕ್ ಇರುವ ಜಾಯಿಂಟಿನಲ್ಲಿ ಎಣ್ಣೆ ಜಿಡ್ಡು ಕಾಣುತ್ತದೆ, ಧೂಳು ಮೆತ್ತಿರುತ್ತದೆ. ಕಾಣದಿದ್ದರೆ ನೈಟ್ರೋಜನ್ ತುಂಬಿ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡುತ್ತಾರೆ. ನಮ್ಮ ಕಡಲ ತೀರದ ಉಪ್ಪು ಗಾಳಿಗೆ ಕಂಡೆನ್ಸರ್ ಬೇಗ ತಿಂದು ಹೋಗುತ್ತದೆ, ಮೊದಲು ಅಲ್ಲೇ ಹುಡುಕುವುದು ಒಳ್ಳೆಯದು. ರಿಪೇರಿ ಆದ ಮೇಲೆ ವ್ಯಾಕ್ಯೂಮ್ ಮಾಡಿಯೇ, ಅಂದರೆ ಪಂಪಿನಿಂದ ಒಳಗಿನ ಗಾಳಿ, ತೇವ ಎಳೆದು ತೆಗೆದೇ ಗ್ಯಾಸ್ ಹಾಕಬೇಕು. ಒಳಗೆ ತೇವ ಉಳಿದರೆ ವಾಲ್ವಿನಲ್ಲಿ ಮಂಜುಗಡ್ಡೆ ಕಟ್ಟುತ್ತದೆ, ಕೊಳವೆಯೂ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಎಷ್ಟು ಗ್ರಾಂ ಅನ್ನುವುದು ಸಾಮಾನ್ಯವಾಗಿ ಬಾನೆಟ್ ಒಳಗಿನ ಸ್ಟಿಕರಿನಲ್ಲೇ ಇರುತ್ತದೆ. ತೂಕ ನೋಡಿ ಹಾಕಬೇಕು. ಜಾಸ್ತಿ ಹಾಕಿದರೂ ತಂಪು ಕಡಿಮೆಯಾಗುತ್ತದೆ.

ಈಗ ಕೇಳುವುದು ಇಷ್ಟು: ‘ಎಸಿ ಗ್ಯಾಸ್ ಇಳಿದಿದೆ’ ಅಂದರೆ ನಿಮ್ಮ ಊರಿನ ಕಿವಿಗೆ ಸಹಜವಾಗಿ ಕೇಳುತ್ತದಾ? ‘ಹೋಗಿದೆ’ ವಾಸಿಯಾ?

ಇನ್ನೊಂದು, ‘ಬೆಚ್ಚ’. ತುಳುವಿನಲ್ಲಿ ‘ಬೆಚ್ಚ ನೀರ್’ ಅಂದರೆ ಬಿಸಿನೀರೇ. ಆದ್ದರಿಂದ ಇಲ್ಲಿಯವರು ಕನ್ನಡದಲ್ಲೂ ‘ಎಸಿಯಲ್ಲಿ ಬೆಚ್ಚ ಗಾಳಿ ಬರ್ತದೆ’ ಅನ್ನುತ್ತಾರೆ. ಘಟ್ಟದ ಮೇಲಿನವರಿಗೆ ‘ಬೆಚ್ಚಗೆ’ ಅಂದರೆ ಹಿತವಾದ ಬಿಸಿ, ಕಂಬಳಿ ಹೊದ್ದ ಸುಖ. ದೂರು ಕೊಡುವಾಗ ಆ ಪದ ಅವರಿಗೆ ಸರಿಹೊಂದುವುದಿಲ್ಲ. ಇದಕ್ಕಿಂತ ಮುಖ್ಯ ಅಂದರೆ, ಕೆಲಸದ ದೃಷ್ಟಿಯಿಂದ ಇಲ್ಲಿ ಎರಡು ಬೇರೆ ಬೇರೆ ಗಾಳಿಗಳಿವೆ. ಹೊರಗಿನ ಗಾಳಿಯಷ್ಟೇ ಬಿಸಿ ಇದ್ದರೆ ಗ್ಯಾಸ್ ಇಳಿದಿರಬಹುದು, ಅಥವಾ ಕಂಪ್ರೆಸರ್ ತಿರುಗುತ್ತಿಲ್ಲ. ಎಸಿ ಬಟನ್ ಒತ್ತಿದಾಗ ಕಂಪ್ರೆಸರಿನ ಕ್ಲಚ್ಚಿನ ‘ಟಕ್’ ಸದ್ದು ಬರದಿದ್ದರೆ ಫ್ಯೂಸ್, ರಿಲೇ ಕೂಡ ನೋಡಬೇಕು. ಆದರೆ ಹೊರಗಿನದ್ದಕ್ಕಿಂತಲೂ ಬಿಸಿ ಗಾಳಿ ಮುಖಕ್ಕೆ ಹೊಡೆದರೆ ಹೀಟರಿನ ಫ್ಲಾಪ್ (ಹೀಟರಿನ ಬಿಸಿ ಗಾಳಿಯನ್ನು ಬಿಡುವ, ತಡೆಯುವ ಸಣ್ಣ ಬಾಗಿಲು) ಸಿಕ್ಕಿಕೊಂಡಿರುವುದು ಹೆಚ್ಚು. ಆಗ ಗ್ಯಾಸ್ ತುಂಬಿಸಿ ಏನೂ ಲಾಭವಿಲ್ಲ. ಮೊದಲನೆಯದಕ್ಕೆ ‘ಬರೀ ಗಾಳಿ’, ಎರಡನೆಯದಕ್ಕೆ ‘ಬಿಸಿ ಗಾಳಿ’ ಅಂತ ಬರೆದಿದ್ದೇನೆ. ‘ಬರೀ ಗಾಳಿ’ ಅಂದರೆ ಫ್ಯಾನಿನ ಗಾಳಿ ಮಾತ್ರ, ತಂಪಿಲ್ಲ ಅನ್ನುವ ಅರ್ಥ ಓದಿದ ಕೂಡಲೇ ಹೊಳೆಯುತ್ತದಾ?

ಹೆದ್ದಾರಿಯಲ್ಲಿ ತಂಪು ಇದ್ದು, ನಂತೂರಿನಲ್ಲೋ ಪಂಪ್‌ವೆಲ್ಲಿನಲ್ಲೋ ಟ್ರಾಫಿಕ್ಕಿನಲ್ಲಿ ನಿಂತ ಕೂಡಲೇ ಹೋಗುವುದೂ ಉಂಟು. ಅದು ಹೆಚ್ಚಾಗಿ ಕಂಡೆನ್ಸರ್ ಫ್ಯಾನಿನ ತೊಂದರೆ. ಅದಕ್ಕೆ ಹೊಸ ಪದ ಬೇಡ, ‘ಓಡುವಾಗ ಇದೆ, ನಿಂತಾಗ ಇಲ್ಲ’ ಅಂದರೆ ಸಾಕು.

ಕೊನೆಗೆ ‘ಶೀತಕ’. ರೇಡಿಯೇಟರಿನ ಕೂಲಂಟಿಗೂ ಇದೇ ಪದ, ಎಸಿಯ ಗ್ಯಾಸಿಗೂ ಇದೇ ಪದ. ಒಂದೇ ಬಾನೆಟ್ಟಿನ ಕೆಳಗೆ ಎರಡು ‘ಶೀತಕ’ ಇದ್ದರೆ ಓದುವವರು ಏನು ಮಾಡಬೇಕು? ನಾನು ‘ಕೂಲಂಟ್’, ‘ಎಸಿ ಗ್ಯಾಸ್’ ಅಂತಲೇ ಇಟ್ಟುಕೊಂಡಿದ್ದೇನೆ. ಇದಕ್ಕಿಂತ ಸ್ಪಷ್ಟವಾದ, ಗ್ಯಾರೇಜಿನಲ್ಲಿ ನಡೆಯುವ ಕನ್ನಡ ಮಾತು ಇದ್ದರೆ ಖಂಡಿತ ಬದಲಿಸುತ್ತೇನೆ.

ಕುಂದಾಪುರ, ಶಿರಸಿ, ಹುಬ್ಬಳ್ಳಿ, ಮೈಸೂರು ಕಡೆಯವರು ಪದ ಮಾತ್ರ ಬೇಡ, ಮೆಕ್ಯಾನಿಕ್ಕಿಗೆ ಹೇಳುವ ಇಡೀ ವಾಕ್ಯವನ್ನೇ ಬರೆದು ಕಳಿಸಿ. ಮಳೆ ಮುಗಿದು ಸೆಕೆ ಶುರುವಾಗುವ ಮೊದಲು ಇದನ್ನು ಅಚ್ಚು ಹಾಕಿಸಿ ಸ್ಟ್ಯಾಂಡುಗಳಲ್ಲಿ ಹಂಚಬೇಕು.