ಮನೆ ತನಕ ಇಂಟರ್‌ನೆಟ್‌ನ ಫೈಬರ್ ಕೇಬಲ್ ಎಳೆಯೋ ಕಂಪನಿ ಶೇರು ತಗೊಳ್ಳೋದಾ, ಬೇಡ್ವಾ?

ಡಿವಿಡೆಂಡ್ ಮಾವ, ಮಡಿಕೇರಿ:
ಅಮೆರಿಕದ ಟೆಲಿಕಾಂ ಕಂಪನಿ ವೆರೈಝನ್ 2005ರಲ್ಲಿ ಫಯೋಸ್ ಅನ್ನೋ ಹೆಸರಲ್ಲಿ ಮನೆ ಬಾಗಿಲಿಗೇ ಫೈಬರ್ ಎಳೀತು. ಅಲ್ಲಿನದೇ ಇನ್ನೊಂದು ಕಂಪನಿ ಎಟಿ ಅಂಡ್ ಟಿ ಮಾತ್ರ ಬಹಳ ಕಡೆ ರಸ್ತೆ ಬದಿ ಪೆಟ್ಟಿಗೆ ತನಕ ಫೈಬರ್ ತಂದು, ಅಲ್ಲಿಂದ ಮನೆಗೆ ಹಳೇ ತಾಮ್ರದ ತಂತಿಯನ್ನೇ ಉಳಿಸ್ಕೊಂಡ್ತು. ಆಗ ಖರ್ಚು ಉಳೀತು, ಸರಿ. ಈಗ ಅವರೇ ತಾಮ್ರ ಬಿಟ್ಟು ಫೈಬರ್ ಹಾಕ್ತಿದ್ದಾರೆ. ಮೊದಲೇ ಪೂರ್ತಿ ಫೈಬರ್ ಹಾಕೋ ಕಂಪನಿಯೇ ಹೂಡಿಕೆಗೆ ಲಾಯಕ್ಕು. ಇಲ್ಲೂ ಅದೇ ಲೆಕ್ಕ.

ಕುಶಾಲನಗರ ಸಿಎ:
"ಪೂರ್ತಿ ಫೈಬರ್" ಅಂತೆ! 2010ರ ಹೊತ್ತಿಗೆ ವೆರೈಝನ್ ಹೊಸ ಊರುಗಳಿಗೆ ಹೋಗೋದನ್ನೇ ನಿಲ್ಲಿಸ್ತು. 2016ರಲ್ಲಿ ಕ್ಯಾಲಿಫೋರ್ನಿಯಾ, ಟೆಕ್ಸಾಸ್, ಫ್ಲೋರಿಡಾದ ಜಾಲವನ್ನ ಫ್ರಾಂಟಿಯರ್ ಅನ್ನೋ ಟೆಲಿಕಾಂ ಕಂಪನಿಗೆ 1,054 ಕೋಟಿ ಡಾಲರ್‌ಗೆ ಮಾರಿ ಕೈತೊಳ್ಕೊಂಡ್ತು. ಅಷ್ಟು ಲಾಭ ಇದ್ದಿದ್ರೆ ಯಾರು ಮಾರ್ತಾರೆ ಮಾವ?

ಡಿವಿಡೆಂಡ್ ಮಾವ:
ಮಾರಿದ್ದು ಹೇಳಿದ್ರಿ, ವಾಪಸ್ ಕೊಂಡಿದ್ದು ಯಾರು ಹೇಳ್ಬೇಕು? 2024ರಲ್ಲಿ ಅದೇ ಫ್ರಾಂಟಿಯರನ್ನ 2,000 ಕೋಟಿ ಡಾಲರ್‌ಗೆ ಕೊಳ್ಳೋ ಒಪ್ಪಂದ ಮಾಡ್ಕೊಂಡ್ರು. ಬೆಲೆ ಇಲ್ದೆ ಕೊಳ್ತಾರಾ?

ಕುಶಾಲನಗರ ಸಿಎ:
ನಡುವೆ 2020ರಲ್ಲಿ ಫ್ರಾಂಟಿಯರ್ ದಿವಾಳಿ ಅರ್ಜಿ ಹಾಕಿದ್ದನ್ನ ನುಂಗಿಬಿಟ್ರಲ್ಲ. ಹಳೇ ಶೇರುಗಳೆಲ್ಲ ರದ್ದಾದವು. ಫೈಬರ್ ಉಳೀತು, ಶೇರುದಾರ ಮುಳುಗಿದ.

ಪೊನ್ನಂಪೇಟೆ ರೋಬಸ್ಟಾ:
ಅಮೆರಿಕ ಬಿಡಿ ಮಾರಾಯ್ರೆ. ನಮ್ಮಲ್ಲೂ ಮನೆ ತನಕ ಬಂದಿದೆ, ತೋಟದ ಸಿಲ್ವರ್ ಓಕ್ ಮರದಿಂದ ಮರಕ್ಕೆ ಕಟ್ಕೊಂಡು. ಜೂನ್‌ನಲ್ಲಿ ಕೊಂಬೆ ಬಿದ್ರೆ ಇಂಟರ್‌ನೆಟ್ ಡಬ್ಬದಲ್ಲಿ ಕೆಂಪು ಲೈಟು. ನೆಲದಡಿ ಹಾಕದ ಕಂಪನಿ ಶೇರು ನಾನು ಮುಟ್ಟಲ್ಲ.

ಲೈನ್ ಹುಡುಗ, ಗೋಣಿಕೊಪ್ಪ:
"ಕೊಂಬೆ ಬಿದ್ರೆ" ಅಂತೀರಾ ಅಣ್ಣಾ? ಕೊಂಬೆಗಿಂತ ಜಾಸ್ತಿ ಕಟ್ ಆಗೋದು ನೆರಳು ಮರದ ಕೊಂಬೆ ಸವರೋ ಮರಗಸಿ ಮಾಡೋವಾಗ. ಕತ್ತಿ ನಿಮ್ಮ ಆಳಿಂದು, ಬೈಗುಳ ನಮಗೆ. ಮಳೆಯಲ್ಲಿ ಟಾರ್ಪಾಲ್ ಕಟ್ಕೊಂಡು ತುದಿ ಒರೆಸಿ ಒರೆಸಿ ಜೋಡಿಸೋರು ನಾವು. ಒಂದು ಹನಿ ಬಿದ್ರೆ ಮತ್ತೆ ಶುರು.

ಪೊನ್ನಂಪೇಟೆ ರೋಬಸ್ಟಾ:
ನನ್ನ ಮರಕ್ಕೆ ಕಟ್ಟು ಅಂತ ನಾನು ಹೇಳಿದ್ನಾ? ಮೆಣಸಿನ ಬಳ್ಳಿ ಮೇಲೇ ಸುತ್ತಿದ್ದೀರಿ. ಏಣಿ ಇಟ್ಟು ಮೆಣಸು ಕೊಯ್ಯೋನ ಕುತ್ತಿಗೆಗೆ ಸಿಗುತ್ತೆ ಅದು. ಬಾಡಿಗೆ ಕೇಳಿಲ್ಲ, ಅದೇ ನಿಮ್ಮ ಪುಣ್ಯ.

ಲೈನ್ ಹುಡುಗ, ಗೋಣಿಕೊಪ್ಪ:
ಬಾಡಿಗೆ ಬೇಕಾ? ಕಂಬ ನೆಡ್ತೀವಿ ಅಂದ್ರೆ ತೋಟದಲ್ಲಿ ಗುಂಡಿ ತೆಗೀಬೇಡಿ ಅಂದೋರು ಯಾರು?

ಸೋಮವಾರಪೇಟೆ ಮಳೆ:
ಗುಂಡಿ ತೆಗೆದು ಏನ್ ಸಾಧಿಸ್ತೀರಿ? 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗೆ ರಸ್ತೆಯೇ ಹೋಯ್ತು. ಅದರಡಿ ಇದ್ದ ಕೇಬಲ್‌ಗೆ ಯಾವ ದೇವರು ಕಾಯ್ಬೇಕು?

ಪೊನ್ನಂಪೇಟೆ ರೋಬಸ್ಟಾ:
ಅದೆಲ್ಲೋ ಒಂದ್ಸಲ ಆಗಿದ್ದು.

ಸೋಮವಾರಪೇಟೆ ಮಳೆ:
ಒಂದ್ಸಲಾನಾ? 2019ರಲ್ಲಿ ತೋರ, 2020ರಲ್ಲಿ ತಲಕಾವೇರಿ. ತೋರ ನಿಮ್ಮ ಕಡೆಯದ್ದೇ ಅಲ್ವಾ ಸ್ವಾಮಿ?

ಕುಶಾಲನಗರ ಸಿಎ:
ವಿಷಯಕ್ಕೆ ಬನ್ನಿ. ಮರಕ್ಕೆ ಕಟ್ಟಿದ್ರೆ ರಿಪೇರಿ ಖರ್ಚು ಆ ವರ್ಷದ ಲಾಭದಿಂದಲೇ ಹೋಗುತ್ತೆ. ನೆಲ ಅಗೆದ್ರೆ ಅದು ಬಂಡವಾಳ, ಸವಕಳಿ ಅಂತ ವರ್ಷಗಟ್ಟಲೆ ಹಂಚಿ ತೋರಿಸ್ಬಹುದು, ಆದ್ರೆ ಸಾಲ ಇವತ್ತೇ ಏರುತ್ತೆ. ಅಂಥ ಸಾಲದ ಭಾರ ಇಳಿಸೋಕೇ ಜಿಯೋ 2019ರಲ್ಲಿ ತನ್ನ ಫೈಬರನ್ನೇ ಬೇರೆ ಕಂಪನಿಗೆ ವರ್ಗಾಯಿಸ್ತು. ಬರೀ ಲಾಭದ ಸಾಲು ನೋಡಿ ಶೇರು ತಗೊಳ್ಳೋರು ಇದನ್ನ ನೋಡೋದೇ ಇಲ್ಲ.

ಸೋಮವಾರಪೇಟೆ ಮಳೆ:
"ಮರಕ್ಕೆ ಕಟ್ಟಿದ್ರೆ" ಅನ್ನೋ ರಗಳೆಯೇ ಬೇಡ. 2023ರಲ್ಲಿ ಏರ್‌ಟೆಲ್, ಜಿಯೋ ಎರಡೂ ಟವರ್‌ನಿಂದ ತಂತಿಯಿಲ್ದೆ ಇಂಟರ್‌ನೆಟ್ ಕೊಡೋ ಏರ್‌ಫೈಬರ್ ತಂದ್ವು. ಮನೆ ಮೇಲೊಂದು ಡಬ್ಬ, ಕಥೆ ಮುಗೀತು.

ಲೈನ್ ಹುಡುಗ, ಗೋಣಿಕೊಪ್ಪ:
ಟವರ್‌ಗೆ ಏನು ಮಂತ್ರದಲ್ಲಿ ಬರುತ್ತಾ? ಒಳ್ಳೇ ಸ್ಪೀಡ್ ಬೇಕಾದ್ರೆ ಅಲ್ಲಿಗೂ ಫೈಬರ್ ಹೋಗ್ಬೇಕು.

ಪೊನ್ನಂಪೇಟೆ ರೋಬಸ್ಟಾ:
ಹೋಗಿದೆ. ಅದೂ ನನ್ನ ಮರದ ಮೇಲೇ.

ಡಿವಿಡೆಂಡ್ ಮಾವ:
ನನ್ನ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ. ಫೈಬರ್‌ನಲ್ಲಿ ಉಳಿಸಿದ ಎಟಿ ಅಂಡ್ ಟಿ 2015ರಲ್ಲಿ ಡೈರೆಕ್ ಟಿವಿ ಅನ್ನೋ ಉಪಗ್ರಹ ಟಿವಿ ಕಂಪನಿ ಕೊಂಡು ಕೈ ಸುಟ್ಕೊಂಡ್ತು. 2022ರಲ್ಲಿ ಒಂದು ಶೇರಿನ ವಾರ್ಷಿಕ ಡಿವಿಡೆಂಡ್ 2.08 ಡಾಲರ್‌ನಿಂದ 1.11ಕ್ಕೆ ಇಳೀತು.

ಕುಶಾಲನಗರ ಸಿಎ:
ಅದು ತನ್ನ ಸಿನಿಮಾ-ಟಿವಿ ಕಂಪನಿ ವಾರ್ನರ್ ಮೀಡಿಯಾನ ಬೇರೆ ಮಾಡಿದ್ದಕ್ಕೆ ಇಳಿದಿದ್ದು. ತಾಮ್ರದ ತಲೆಗೆ ಕಟ್ಬೇಡಿ ಮಾವ.

ಡಿವಿಡೆಂಡ್ ಮಾವ:
ಯಾವ ಕಾರಣಕ್ಕೆ ಇಳಿದ್ರೂ ನನ್ನ ಖಾತೆಗೆ ಬರೋದು ಕಮ್ಮಿಯೇ ಅಲ್ವೇನ್ರೀ!

ಲೈನ್ ಹುಡುಗ, ಗೋಣಿಕೊಪ್ಪ:
ರೋಬಸ್ಟಾ ಅಣ್ಣಾ, ಈ ಸಲ ಮರಗಸಿಗೆ ಒಂದಿನ ಮುಂಚೆ ಫೋನ್ ಮಾಡಿ. ಬಂದು ಕೇಬಲ್ ಸರಿಸಿ ಕೊಡ್ತೀವಿ.

ಪೊನ್ನಂಪೇಟೆ ರೋಬಸ್ಟಾ:
ಹೋದ ವರ್ಷವೂ ಮಾಡಿದ್ದೆ. ನೀವು ಎತ್ತಿಲ್ಲ.